ಜೋಳದ ಚೀಲದೊಳಗೆ ಫೋನು

ಊರಲ್ಲಿ ಅಪ್ಪ-ಅವ್ವ, ಬೆಂಗಳೂರಲ್ಲಿ ಐಟಿ ನೌಕರಿ ಇರೋ ಎಲ್ಲರಿಗೂ ಎರಡನೇ ನೌಕರಿಯೊಂದು ಇದ್ದೇ ಇರುತ್ತದೆ: ಮನೆಯವರ ಫೋನು ರಿಪೇರಿ ಮಾಡೋದು. ಅದೂ 600ಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ, ಬರೀ ಬಾಯಿಮಾತಿನಲ್ಲಿ. "ಯಪ್ಪಾ, ಫೋನ್ ಬಂದ್ ಬಿದ್ದದ, ಏನ್ ಮಾಡ್ಲಿ?" ಅಂತ ಪಕ್ಕದ ಮನೆಯವರ ಫೋನಿಂದ ಅವ್ವ ಕೇಳುವ ಹೊತ್ತಿಗೆ ಅಲ್ಲಿ ಚಿಕಿತ್ಸೆ ಆಗಲೇ ಶುರುವಾಗಿರುತ್ತದೆ. ಕಾಕಾ ಫೋನಿನ ಬೆನ್ನಿಗೆ ಉಗುರು ಹಾಕಿ ಬ್ಯಾಟರಿ ತೆಗೆಯೋಕೆ ನೋಡಿರ್ತಾರೆ. ಕಾಕಿ "ರಾತ್ರಿ ಪೂರಾ ಚಾರ್ಜಿಗೆ ಹಚ್ಚು" ಅಂದಿರ್ತಾಳೆ. ಕಾಲೇಜು ಓದೋ ತಮ್ಮ "ಫಾರ್ಮ್ಯಾಟ್ ಹೊಡಸ್ರಿ, ಸೀದಾ ಆಗ್ತದ" ಅಂದಿರ್ತಾನೆ. ಮಳೆಗಾಲ ಆದರಂತೂ ಫೋನು ಜೋಳದ ಚೀಲದೊಳಗೆ ಕೂತಿರುತ್ತದೆ.

ನಮ್ಮೂರು ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ, ಹೈದರಾಬಾದ್–ಪುಣೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿನವರ ಈ ಮದ್ದುಗಳನ್ನು ನೋಡಿ ನಮ್ಮ ಆಫೀಸಿನ ಹುಡುಗರು ನಗಬಹುದು. ನನಗೆ ನಗು ಬರೋದಿಲ್ಲ. ಇವುಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ, ಯಾವುದೋ ಒಂದು ಯಂತ್ರಕ್ಕೆ ಸರಿಯಾಗೇ ಇದ್ದವು. ಯಂತ್ರ ಹೋಯ್ತು, ಮದ್ದು ಉಳೀತು. ಯಾವ ಮದ್ದು ಎಲ್ಲಿಂದ ಬಂತು ಅನ್ನೋದು ಗೊತ್ತಾದರೆ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದೂ ಗೊತ್ತಾಗುತ್ತದೆ. ಹಾಗಾಗಿ ಇದು ಫೋನ್ ರಿಪೇರಿಯ ಬರಹಕ್ಕಿಂತ ಹೆಚ್ಚಾಗಿ ನಮ್ಮ ಕಡೆಯ ಮನೆಮದ್ದುಗಳ ಇತಿಹಾಸ ಅಂತ ಓದಿಕೊಳ್ಳಿ.

ಚಾರ್ಜಿಂಗ್‌ನಿಂದ ಶುರು ಮಾಡೋಣ. ದೇಶದ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಮಾಡಿದ್ದು. ನಮ್ಮ ಮನೆಗೆ ಮೊಬೈಲ್ ಬಂದಿದ್ದು 2004ರಲ್ಲಿ, ನಾನು ಹೈಸ್ಕೂಲಲ್ಲಿದ್ದಾಗ. ಬಂದ ಕರೆಗೂ ದುಡ್ಡು ಕೊಡೋ ಕಾಲ 2003ಕ್ಕೆ ಮುಗಿದ ಮೇಲೇ ಫೋನು ನಮ್ಮಂಥ ಮನೆಗಳ ಕಡೆ ಹೊರಳಿದ್ದು. ನೋಕಿಯಾ 1100 ಬಂದಿದ್ದೂ ಅದೇ 2003ರಲ್ಲಿ. ತಲೆ ಮೇಲೊಂದು ಟಾರ್ಚು, ಧೂಳು ಒಳಗೆ ಹೋಗದ ಕೀಪ್ಯಾಡು. ಜಗತ್ತಿನಲ್ಲಿ 25 ಕೋಟಿ ಮಾರಾಟವಾದ ಫೋನು ಅದು. ನಮ್ಮಲ್ಲಿ ರಾತ್ರಿ ಕಬ್ಬಿಗೆ ನೀರು ಬಿಡೋಕೆ ಹೋಗುವವರ ಕೈಯಲ್ಲಿ ಕಂದೀಲಿನ ಜಾಗಕ್ಕೆ ಅದು ಬಂತು.

ಅಂಗಡಿಯವ ಫೋನು ಕೈಗಿಡುತ್ತ ಮಂತ್ರದ ಹಾಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮೊದಲನೇ ಸಲ ಎಂಟು ತಾಸ್ ಚಾರ್ಜಿಗೆ ಹಚ್ರಿ. ಪೂರಾ ಖಾಲಿ ಆಗೋತನ ಮತ್ತ ಹಚ್ಚಬ್ಯಾಡ್ರಿ." ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಮಂತ್ರ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದ ಈ ಬ್ಯಾಟರಿಗೆ ಒಂದು ಚಟ ಇತ್ತು. ಅರ್ಧ ಖಾಲಿಯಾದಾಗಲೇ ಪದೇ ಪದೇ ಚಾರ್ಜ್ ಮಾಡಿದರೆ ಅದು ಆ ಅರ್ಧಕ್ಕೇ ಒಗ್ಗಿಕೊಂಡು, ಆಮೇಲೆ ಅಷ್ಟೇ ಕೊಡೋಕೆ ಶುರು ಮಾಡುತ್ತಿತ್ತು. ಆರಂಭದ ಮೊಬೈಲ್‌ಗಳಲ್ಲಿ ಇದ್ದದ್ದು ನಿಕಲ್ ಬ್ಯಾಟರಿಗಳೇ. ಆದರೆ 1991ರಲ್ಲೇ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತ್ತು, 1100ರ ಹೊಟ್ಟೆಯಲ್ಲಿ ಇದ್ದಿದ್ದೂ ಲಿಥಿಯಮ್ಮೇ. ಅಂದರೆ ಆ ಸಲಹೆ ಹುಮನಾಬಾದಿಗೆ ಬಂದಿಳಿಯುವ ಹೊತ್ತಿಗೇ ಹಳಸಿತ್ತು. ಆದರೂ ಇಪ್ಪತ್ತು ವರ್ಷದಿಂದ ನಮ್ಮ ಕಾಕಿ ಅದನ್ನು ಪಾಲಿಸುತ್ತಿದ್ದಾಳೆ.

ಲಿಥಿಯಂ ಬ್ಯಾಟರಿಯ ಸ್ವಭಾವ ತದ್ವಿರುದ್ಧ. ಅದಕ್ಕೆ ಪೂರ್ತಿ ಖಾಲಿ ಆಗೋದೂ ಬೇಡ, ಸದಾ ತುಂಬಿ ತುಳುಕೋದೂ ಬೇಡ. ಎಲ್ಲಕ್ಕಿಂತ ಆಗಬಾರದ್ದು ಸೆಕೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯಲ್ಲಿ, ತಗಡಿನ ಮನೆಯಲ್ಲಿ, ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಚಾರ್ಜ್ ಮಾಡಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಇತ್ತೀಚಿನ ಹಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 80 ಪರ್ಸೆಂಟಿಗೆ ನಿಲ್ಲಿಸೋ ಆಯ್ಕೆ ಇದೆ, ಊರಿಗೆ ಹೋದಾಗ ಹಾಕಿಕೊಟ್ಟು ಬನ್ನಿ. ಇನ್ನೊಂದು ಮಾತು. "ಚಾರ್ಜೇ ಆಗವಲ್ದು" ಅನ್ನೋ ದೂರು ಬಂದರೆ ಬ್ಯಾಟರಿಯನ್ನು ಬೈಯುವ ಮೊದಲು ಚಾರ್ಜರ್ ಚುಚ್ಚೋ ತೂತು ನೋಡಿಸಿ. ಅಂಗಿ ಜೇಬಿನ ಹತ್ತಿ, ತೊಗರಿ ರಾಶಿಯ ಹೊಟ್ಟು ಎರಡೂ ಸೇರಿ ಅಲ್ಲಿ ಗಟ್ಟಿ ಬಿರಡೆ ಆಗಿರುತ್ತದೆ. ಫೋನ್ ಆಫ್ ಮಾಡಿ, ಒಣಗಿದ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದರಿದರೆ ಸಾಕು. ಸೂಜಿ ಹಾಕಬಾರದು.

ಬ್ಯಾಟರಿ ಬಗ್ಗೆ ನಮ್ಮವರಿಗೆ ಇರೋ ಭಯಕ್ಕೂ ತಾರೀಖು ಇದೆ: 2007ರ ಆಗಸ್ಟ್. ಬಿಎಲ್-5ಸಿ ಅನ್ನೋ ಬ್ಯಾಟರಿ ಬಿಸಿಯಾಗಿ ಉಬ್ಬಬಹುದು, ಬದಲಿಸಿ ಕೊಡ್ತೀವಿ ಅಂತ ನೋಕಿಯಾ ಪ್ರಕಟಣೆ ಹೊರಡಿಸಿತು. ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿದ 4 ಕೋಟಿ 60 ಲಕ್ಷ ಬ್ಯಾಟರಿಗಳ ಮಾತು ಅದು. ಬ್ಯಾಟರಿ ಮೇಲಿನ 26 ಅಂಕಿಯ ನಂಬರು ನೋಡಿ ತಿಳಿದುಕೊಳ್ಳಬೇಕಿತ್ತು. ನಾನು ಆಗ ಬಿಇ ಮೊದಲ ವರ್ಷಕ್ಕೆ ಕಾಲಿಟ್ಟಿದ್ದೆ. ಟಿವಿಯಲ್ಲಿ "ಫೋನ್ ಸ್ಫೋಟ" ಅಂತ ಬಂದಿದ್ದೇ ತಡ, ಮುತ್ಯಾ ಫೋನನ್ನು ಮನೆಯೊಳಗೆ ಇಡಗೊಡಲಿಲ್ಲ. ಎರಡು ದಿನ ಅದು ಅಂಗಳದ ತುಳಸಿಕಟ್ಟೆ ಮೇಲೆ ಮಲಗಿತು. ಉಬ್ಬಿದ ಬ್ಯಾಟರಿಗೆ ಇವತ್ತಿಗೂ ಮುತ್ಯಾನ ಮದ್ದೇ ಸರಿ: ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಚ್ಚಬೇಡಿ, ಹೊರಗಿಟ್ಟು ಅಂಗಡಿಗೆ ಒಯ್ಯಿರಿ.

ಇನ್ನು ಕಾಕಾನ ಉಗುರಿನ ವಿಷಯ. ಬ್ಯಾಟರಿ ತೆಗೆದು ಹಾಕೋದು ನಮ್ಮ ಕಡೆ ಸರ್ವರೋಗಕ್ಕೂ ಮದ್ದಾಗಿತ್ತು, ಮತ್ತು ಅದು ನಿಜಕ್ಕೂ ಕೆಲಸ ಮಾಡುತ್ತಿತ್ತು. ಯಾಕೆ ಅಂದರೆ ಪ್ರೋಗ್ರಾಮು ಬರೆಯೋ ನಾವು ಎಷ್ಟೇ ಜಾಣರಾದರೂ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿರುತ್ತದೆ, ದಿನಗಟ್ಟಲೆ ಓಡಿದ ಮೇಲೆ ಅದು ಮೇಲೆದ್ದು ಬರುತ್ತದೆ. ಕರೆಂಟು ಕಿತ್ತರೆ ಎಲ್ಲ ಶುರುವಿನಿಂದ. ಇದು ಬಡವರ ಫೋನಿನ ಕಥೆ ಮಾತ್ರ ಅಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಬೋಯಿಂಗ್ 787 ವಿಮಾನಗಳಿಗೆ ಒಂದು ಆದೇಶ ಹೊರಡಿಸಿತು: 248 ದಿನ ಸತತ ಕರೆಂಟು ಇದ್ದರೆ ಜನರೇಟರ್ ನಿಯಂತ್ರಿಸೋ ಸಾಫ್ಟ್‌ವೇರು ನಿಂತುಹೋಗಬಹುದು, ಆದ್ದರಿಂದ ಅದಕ್ಕೂ ಮೊದಲೇ ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂತ. ಸೆಕೆಂಡಿನ ನೂರನೇ ಭಾಗಗಳನ್ನು ಎಣಿಸುತ್ತ ಹೋದರೆ 32 ಬಿಟ್‌ನ ಲೆಕ್ಕದ ಡಬ್ಬಿ ಸರಿಯಾಗಿ ಅಷ್ಟು ದಿನಕ್ಕೆ ತುಂಬಿಹೋಗುತ್ತದೆ. ಸಾವಿರಾರು ಕೋಟಿಯ ವಿಮಾನಕ್ಕೂ ನಮ್ಮ ಕಾಕಾನ ಮದ್ದೇ!

ಆದರೆ ಬ್ಯಾಟರಿ ಈಗ ಕೈಗೆ ಸಿಗೋದಿಲ್ಲ. 2007ರ ಮೊದಲ ಐಫೋನಿನಲ್ಲೇ ಅದನ್ನು ಒಳಗೆ ಮುಚ್ಚಿದ್ದರು. ಬೆನ್ನು ಬಿಚ್ಚುವ ಗ್ಯಾಲಕ್ಸಿ ಫೋನುಗಳನ್ನು ಮಾರುತ್ತಿದ್ದ ಸ್ಯಾಮ್‌ಸಂಗ್ ಕೂಡ 2015ರ ಎಸ್6ನಿಂದ ಅದೇ ದಾರಿ ಹಿಡಿಯಿತು. ಮದ್ದು ಮಾತ್ರ ಒಳಗೇ ಇದೆ, ಬೇರೆ ರೂಪದಲ್ಲಿ: ಪವರ್ ಬಟನ್ನನ್ನು, ಕೆಲವು ಫೋನುಗಳಲ್ಲಿ ಜೊತೆಗೆ ವಾಲ್ಯೂಮ್ ಕಡಿಮೆ ಮಾಡೋ ಬಟನ್ನನ್ನೂ, ಹತ್ತು-ಹದಿನೈದು ಸೆಕೆಂಡು ಒತ್ತಿ ಹಿಡಿಯೋದು. ಇಷ್ಟು ಹೇಳಿಕೊಟ್ಟ ಮೇಲೆ ನನ್ನ ಎರಡನೇ ನೌಕರಿಯ ಕೆಲಸ ಅರ್ಧಕ್ಕೆ ಇಳಿದಿದೆ.

ನೀರಿನ ಮದ್ದು ಬೇಗ ಮುಗಿಸ್ತೀನಿ. ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿದರೆ ಉಪ್ಪು ಗಂಟಾಗೋದಿಲ್ಲ ಅನ್ನೋ ಅಡುಗೆಮನೆಯ ಜ್ಞಾನವೇ ಫೋನಿಗೂ ಬಂದಿರಬೇಕು ಅಂತ ನನ್ನ ಊಹೆ. ನಮ್ಮದು ಜೋಳದ ಮನೆ, ಅಕ್ಕಿ ಡಬ್ಬಿ ಸಣ್ಣದು, ಹಾಗಾಗಿ ಜೋಳ. ಎರಡರಿಂದಲೂ ಉಪಯೋಗ ಇಲ್ಲ. ಕಾಳು ಗಾಳಿಯ ಪಸೆಯನ್ನು ನಿಧಾನಕ್ಕೆ ಎಳೆಯುತ್ತದೆ, ಒಳಗಿನ ನೀರು ಅದಕ್ಕೆ ಕಾಯುತ್ತ ಕೂರೋದಿಲ್ಲ. ಅಕ್ಕಿಯಲ್ಲಿಡಬೇಡಿ, ಸಣ್ಣ ಕಣಗಳು ಫೋನನ್ನು ಹಾಳು ಮಾಡಬಹುದು ಅಂತ ಆ್ಯಪಲ್ ಕಂಪನಿಯೇ 2024ರ ಜನವರಿಯಲ್ಲಿ ಹೇಳಿತು. ಆಫ್ ಮಾಡಿ, ಒರೆಸಿ, ತೂತು ಕೆಳಗೆ ಮಾಡಿ ನೀರು ಇಳಿಸಿ, ಫ್ಯಾನಿನ ಕೆಳಗೆ ಒಂದು ದಿನ ಬಿಡಿ. ಒಣಗೋ ತನಕ ಚಾರ್ಜಿಗೆ ಹಚ್ಚಬೇಡಿ.

ಈಗ ನೆಟ್‌ವರ್ಕ್. ಇದರ ಇತಿಹಾಸ ಮೊಬೈಲಿಗಿಂತ ಹಳೆಯದು.

ನಮ್ಮ ಮುತ್ಯಾನ ತಂಗಿಯನ್ನು ಕೊಟ್ಟಿದ್ದು ನಿಲಂಗಾ ಕಡೆಗೆ. ಆಗ ನಿಲಂಗಾ, ಉದ್ಗೀರ್, ಅಹಮದ್‌ಪುರ ಎಲ್ಲ ಬೀದರ್ ಜಿಲ್ಲೆಯಲ್ಲೇ ಇದ್ದವು, ಜಿಲ್ಲೆ ಇದ್ದಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಅದನ್ನು ಭಾಷೆಯ ಪ್ರಕಾರ ಮೂರು ಪಾಲು ಮಾಡಿದಾಗ ಬೀದರ್ ಜಿಲ್ಲೆಯೂ ಮೂರು ಪಾಲಾಯ್ತು. ಮರಾಠಿ ತಾಲೂಕುಗಳು ಮುಂಬೈ ರಾಜ್ಯಕ್ಕೆ, ಜಹೀರಾಬಾದ್-ನಾರಾಯಣಖೇಡ ಕಡೆಯ ಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಜಿಲ್ಲೆಯೊಳಗೇ ಕೊಟ್ಟ ಹೆಣ್ಣುಮಗಳು ಬೆಳಗಾಗೋದರೊಳಗೆ ಬೇರೆ ರಾಜ್ಯದವಳಾದಳು. ಮುತ್ಯಾ ಮಾತ್ರ ಕೊನೆಯವರೆಗೂ ನಿಲಂಗಾವನ್ನು "ನಮ್ಮ ಜಿಲ್ಲಾ" ಅಂತಲೇ ಅನ್ನುತ್ತಿದ್ದ.

1990ರ ದಶಕದಲ್ಲಿ ಮೊಬೈಲ್ ಕಂಪನಿಗಳಿಗೆ ದೇಶವನ್ನು ಹಂಚುವಾಗ ಹೆಚ್ಚುಕಡಿಮೆ ಇದೇ ಗೆರೆಗಳ ಮೇಲೆ ಸರ್ಕಲ್‌ಗಳಾದವು: ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ. ರಾಜ್ಯದ ಗಡಿ ಸಿಗ್ನಲ್ಲಿಗೆ ಗೊತ್ತಾಗೋದಿಲ್ಲವಲ್ಲ. ಬಸವಕಲ್ಯಾಣ ತಾಲೂಕಿನ ಗಡಿ ಕಡೆಯ ಹಳ್ಳಿಗಳಲ್ಲಿ ಮನೆಯ ಮುಂದೆ ನಿಂತರೆ ಕರ್ನಾಟಕ, ಹಿತ್ತಲಿಗೆ ಹೋದರೆ ಮಹಾರಾಷ್ಟ್ರ. ಫೋನು ಯಾವ ಟವರು ಜೋರಾಗಿದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಬಂದ ಕರೆಗೂ ರೋಮಿಂಗ್ ದುಡ್ಡು ಕಟ್ಟಾಗುತ್ತಿತ್ತು. ಸ್ವಂತ ಹೊಲದಲ್ಲಿ ನಿಂತು ಮಾತಾಡಿದ್ದಕ್ಕೆ ಪರದೇಶದ ದರ! ಹೀಗಾಗಿ ನಮ್ಮ ಕಡೆಯವರು ಒಂದು ಮದ್ದು ಕಲಿತರು, ಬೆಂಗಳೂರಿನ ಎಷ್ಟೋ ಇಂಜಿನಿಯರುಗಳಿಗೂ ಅದು ಗೊತ್ತಿರಲಿಲ್ಲ: ಸೆಟ್ಟಿಂಗ್ಸ್‌ಗೆ ಹೋಗಿ 'ಆಟೋಮ್ಯಾಟಿಕ್' ತೆಗೆದು, ಕೈಯಾರೆ ಕರ್ನಾಟಕದ ನೆಟ್‌ವರ್ಕ್ ಆರಿಸಿಕೊಳ್ಳೋದು. ಎಮ್ಮೆ ಕಾಯುವ ಹುಡುಗರೂ ಇದನ್ನು ಮಾಡುತ್ತಿದ್ದರು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ರೋಮಿಂಗ್ ದರ ಹೆಚ್ಚುಕಡಿಮೆ ಎಲ್ಲ ಕಡೆ ಹೋಯ್ತು. ಮದ್ದು ಮಾತ್ರ ಫೋನುಗಳೊಳಗೆ ಉಳಿದಿದೆ, ಈಗ ಅದೇ ರೋಗ. ಕೈಯಾರೆ ಆರಿಸಿದ ನೆಟ್‌ವರ್ಕ್ ಸಿಗದ ಜಾಗಕ್ಕೆ ಹೋದರೆ ಫೋನು ಬೇರೆಯದನ್ನು ತಾನಾಗಿ ಹಿಡಿಯೋದಿಲ್ಲ, ಸುಮ್ಮನೆ ಕೂರುತ್ತದೆ. "ಎಲ್ಲರ ಫೋನ್ ನಡೀತದ, ನಂದೊಂದೇ ಬಂದ್" ಅಂತ ಗಡಿ ಕಡೆಯಿಂದ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು ಇದನ್ನೇ. ಆಟೋಮ್ಯಾಟಿಕ್‌ಗೆ ವಾಪಸ್ ಹಾಕಿಸಿ. ಏರೋಪ್ಲೇನ್ ಮೋಡ್ ಹಾಕಿ ತೆಗೆಯೋ ಮದ್ದು ಮಾತ್ರ ಅವತ್ತಿಗೂ ಸರಿ, ಇವತ್ತಿಗೂ ಸರಿ. ಫೋನು ಟವರಿನ ಹತ್ತಿರ ಹೊಸದಾಗಿ ಹೆಸರು ಬರೆಸಿಕೊಳ್ಳುತ್ತದೆ.

ನಂಬರಿನ ಕಥೆಯೊಂದು ಇಲ್ಲೇ ಹೇಳಿಬಿಡ್ತೀನಿ. ದೊಡ್ಡ ಸ್ಪೀಕರಿನ, ಎರಡು ಸಿಮ್ಮಿನ ಚೀನಾ ಫೋನುಗಳು ನಿಮಗೆ ನೆನಪಿರಬಹುದು. ಅವುಗಳಲ್ಲಿ ಎಷ್ಟಕ್ಕೋ ಐಎಂಇಐ ನಂಬರೇ ಇರಲಿಲ್ಲ. ಅಂಥ ಫೋನುಗಳಿಗೆ ನೆಟ್‌ವರ್ಕ್ ಕೊಡಬಾರದು ಅಂತ ಸರ್ಕಾರ ಹೇಳಿ, 2009ರ ಡಿಸೆಂಬರ್ 1ರಿಂದ ಅವು ಬಂದ್ ಆದವು. ಅದಕ್ಕೂ ಮೊದಲು ಆಪರೇಟರುಗಳ ಸಂಘ 199 ರೂಪಾಯಿಗೆ ನಂಬರು ಕೂರಿಸಿಕೊಡೋ ವ್ಯವಸ್ಥೆ ಮಾಡಿತ್ತು. *#06# ಒತ್ತೋದನ್ನು ನಮ್ಮೂರು ಕಲಿತದ್ದು ಆಗ. ಆ ಕಲಿಕೆ ವ್ಯರ್ಥ ಅಲ್ಲ: ಅಲ್ಲಿ ಕಾಣೋ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆಸಿಡಿ. ಫೋನು ಕಳೆದರೆ 2023ರಲ್ಲಿ ಶುರುವಾದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು.

ಕನ್ನಡದ ಕಾಯಿಲೆ ಇನ್ನೊಂದು ಬಗೆ. 2010ರ ಸುಮಾರಿಗೆ ಬಿಇ ಹಾಸ್ಟೆಲ್ಲಿನಲ್ಲಿ ನಮ್ಮ ಫೋನುಗಳಿಗೆ ಕನ್ನಡ ಅಂದರೆ ಖಾಲಿ ಡಬ್ಬಿಗಳ ಸಾಲು. ಒಪೆರಾ ಮಿನಿಯಲ್ಲಿ 'ಒಪೆರಾ:ಕಾನ್ಫಿಗ್' ಅಂತ ಹೊಡೆದು ಒಂದು ಆಯ್ಕೆ ಬದಲಿಸಿದರೆ ಅವರ ಸರ್ವರ್ರೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಆ ಗುಟ್ಟು ಗೊತ್ತಿದ್ದವನು ಹಾಸ್ಟೆಲ್ಲಿನ ವೈದ್ಯ. ಮೆಸೇಜ್ ಕಳಿಸೋಣ ಅಂದರೆ ಇಂಗ್ಲಿಷ್ ಅಕ್ಷರ ಒಂದಕ್ಕೆ 160 ಹಿಡಿಸುತ್ತಿದ್ದವು, ಕನ್ನಡವಾದರೆ 70 ಮಾತ್ರ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಆಂಡ್ರಾಯ್ಡ್ ಕನ್ನಡ, ತೆಲುಗು, ಮಲಯಾಳಂ ತೋರಿಸೋದು ಕಲಿತದ್ದು 2012ರ 4.1 ಆವೃತ್ತಿಯಲ್ಲಿ. ನಡುವಿನ 21 ವರ್ಷ ನಾವು ಅವ್ವನಿಗೆ ಓದೋಕೆ ಬಾರದ ಅಕ್ಷರದಲ್ಲಿ "ಊಟ ಆಯ್ತಾ" ಅಂತ ಬರೆದೆವು. ಈ ಕಾಯಿಲೆ ಈಗ ವಾಸಿಯಾಗಿದೆ, ಅದಕ್ಕೇ ಯಾರಿಗೂ ನೆನಪಿಲ್ಲ.

ಅಕ್ಷರ ಬಂತು, ಡೇಟಾ ಅಗ್ಗವಾಯ್ತು, ಗುಡ್ ಮಾರ್ನಿಂಗ್ ಶುರುವಾಯ್ತು. ಬಸವಣ್ಣನ ಫೋಟೋ, ಮಾಣಿಕ ಪ್ರಭುಗಳ ಫೋಟೋ, ಗುಲಾಬಿ ಹೂವು, ಕೆಳಗೆ ಶುಭೋದಯ. 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದರ ಮೇಲೊಂದು ವರದಿಯನ್ನೇ ಬರೆಯಿತು: ಭಾರತದಲ್ಲಿ ಮೂವರಲ್ಲಿ ಒಬ್ಬರ ಸ್ಮಾರ್ಟ್‌ಫೋನ್ ದಿನಾ ಜಾಗವಿಲ್ಲದೆ ಒದ್ದಾಡುತ್ತದೆ ಅಂತ. ಗೂಗಲ್ ಅದಕ್ಕೂ ಒಂದು ತಿಂಗಳ ಮೊದಲೇ ಇಂಥ ಚಿತ್ರಗಳನ್ನು ಗುಡಿಸೋಕೆ ಫೈಲ್ಸ್ ಗೋ ಅನ್ನೋ ಆ್ಯಪ್ ಬಿಟ್ಟಿತ್ತು. "ಫೋನ್ ಹ್ಯಾಂಗ್ ಆಗ್ಲಾಕತ್ತದ" ಅನ್ನೋ ದೂರುಗಳಲ್ಲಿ ಹೆಚ್ಚಿನವು ಇವತ್ತಿಗೂ ಇದೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತಾನಾಗಿ ಇಳಿಯೋದನ್ನು ನಿಲ್ಲಿಸಿ, ಎರಡು-ಮೂರು ಜಿಬಿ ಖಾಲಿ ಮಾಡಿಸಿದರೆ ಹಳೇ ಫೋನೂ ಓಡುತ್ತದೆ. ಆದರೆ ಅಷ್ಟು ಸಹನೆ ಯಾರಿಗಿದೆ? ಫೋನನ್ನು ದುಕಾನಿಗೆ ಒಯ್ಯುತ್ತಾರೆ. ಅಲ್ಲಿ ಸಿಗೋ ಮದ್ದು ಒಂದೇ, ಫಾರ್ಮ್ಯಾಟ್.

ಈ ಶಬ್ದ ಫೋನಿನದ್ದಲ್ಲ. ವಿಂಡೋಸ್ 98ರ ಕಾಲದಲ್ಲಿ ಕಂಪ್ಯೂಟರ್ ನಿಧಾನ ಆದರೆ, ವೈರಸ್ ಬಂದರೆ, ಏನೇ ಆದರೂ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕುತ್ತಿದ್ದರು. ಅದೇ ಹುಡುಗರು ಮುಂದೆ ಮೊಬೈಲ್ ದುಕಾನ ತೆರೆದರು, ಮದ್ದನ್ನೂ ಜೊತೆಗೆ ತಂದರು. ಆಗ ಅದರಿಂದ ನಷ್ಟ ಏನಿರಲಿಲ್ಲ. ನಂಬರುಗಳು ಸಿಮ್ಮಿನಲ್ಲಿ, ಹಾಡುಗಳು ಮೆಮೊರಿ ಕಾರ್ಡಿನಲ್ಲಿ. ಫಾರ್ಮ್ಯಾಟ್ ಹೊಡೆದರೆ ಹೋಗುತ್ತಿದ್ದದ್ದು ಎರಡು ರಿಂಗ್‌ಟೋನು, ಹಾವಿನ ಆಟದ ಸ್ಕೋರು.

2016ರ ದೀಪಾವಳಿಗೆ ಕಾಕಾ ತನ್ನ ಹೊಸ ಫೋನಿನಲ್ಲಿ ಮುತ್ಯಾನ ಮಾತು ರೆಕಾರ್ಡ್ ಮಾಡಿದ್ದರು. 1948ರಲ್ಲಿ ಮುತ್ಯಾನಿಗೆ ಹದಿನಾರು. ರಜಾಕಾರರ ಭಯಕ್ಕೆ ಊರು ಬಿಟ್ಟು ಹೊಲದಲ್ಲಿ ಮಲಗಿದ್ದು, ಮಿಲ್ಟ್ರಿ ಗಾಡಿ ಬಂದದ್ದು, ಆಮೇಲೆ ಬೇರೆಯದೇ ಜನ ಊರು ಬಿಟ್ಟು ಓಡಬೇಕಾಗಿ ಬಂದದ್ದು, ಅವರಲ್ಲಿ ಒಬ್ಬ ಗೆಳೆಯ ಕೊಟ್ಟು ಹೋದ ಬೀಗದ ಕೈ. ಸುಮಾರು 40 ನಿಮಿಷ. ಕಾಕಾ ನನಗೆ ಎರಡು ನಿಮಿಷದ ತುಂಡನ್ನು ಮಾತ್ರ ವಾಟ್ಸ್‌ಆ್ಯಪ್ ಮಾಡಿದ್ದರು, "ಪೂರಾ ಊರಿಗೆ ಬಂದಾಗ ಕೇಳುವಿಯಂತ" ಅಂತ. ಮರುವರ್ಷ ಮುತ್ಯಾ ತೀರಿಕೊಂಡ. 2019ರಲ್ಲಿ ಫೋನು ಹ್ಯಾಂಗ್ ಆಗತೊಡಗಿ ದುಕಾನಿಗೆ ಹೋಯ್ತು. ಅಲ್ಲಿಯ ಹುಡುಗ ಕಲಿತ ಮದ್ದು ಕೊಟ್ಟ, 150 ರೂಪಾಯಿ ತಗೊಂಡ. ಫೋನು ಸಂಜೆಗೆ ಹೊಸದರ ಹಾಗಾಗಿ ವಾಪಸ್ ಬಂತು. ನಾನು ಇಂಜಿನಿಯರ್ ಅಲ್ಲವಾ, ವಾಪಸ್ ತರಬಹುದೇನೋ ಅಂತ ಕಾಕಾ ಒಂದು ವಾರ ಕೇಳಿದರು. ಇವತ್ತಿನ ಫೋನುಗಳಲ್ಲಿ ಮಾಹಿತಿ ಬೀಗ ಹಾಕಿಟ್ಟ ರೂಪದಲ್ಲಿರುತ್ತದೆ, ರೀಸೆಟ್ ಮಾಡಿದಾಗ ಆ ಬೀಗದ ಕೈಯೇ ನಾಶವಾಗುತ್ತದೆ. ತರೋಕೆ ಆಗೋದಿಲ್ಲ. ನನ್ನ ಹತ್ತಿರ ಇರೋ ಎರಡು ನಿಮಿಷದಲ್ಲಿ ಮುತ್ಯಾ ಆ ವರ್ಷದ ಜೋಳದ ಬೆಳೆ ಬಗ್ಗೆ ಮಾತಾಡುತ್ತಾನೆ.

ಫಾರ್ಮ್ಯಾಟ್‌ನ ಇನ್ನೊಂದು ಏಟು ಆಮೇಲೆ ಬೀಳುತ್ತದೆ. 2015ರ ಆಂಡ್ರಾಯ್ಡ್ 5.1ರಿಂದ, ಬೀಗ ಹಾಕಿದ ಫೋನನ್ನು ಬಟನ್ ಒತ್ತಿ ರೀಸೆಟ್ ಮಾಡಿದರೆ ಅದು ಹಳೇ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರಿಗೆ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ನಮ್ಮ ಹಿರಿಯರ ಜಿಮೇಲ್ ಖಾತೆ ತೆರೆದವರು ಯಾರು? ಫೋನು ಮಾರಿದ ಹುಡುಗ, ಅವತ್ತು ಬಾಯಿಗೆ ಬಂದ ಹೆಸರಿನಲ್ಲಿ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಅಲ್ಲಿಗೆ ಬ್ಯಾಂಕಿನ ಒಟಿಪಿ, ಫೋನ್‌ಪೇ, ಮೊಮ್ಮಗಳ ಫೋಟೋ ಎಲ್ಲ ಬಾಗಿಲ ಆಚೆ. ಮುಂದಿನ ಸಲ ಊರಿಗೆ ಹೋದಾಗ ಬೇರೆ ಏನು ಮಾಡದಿದ್ದರೂ ಆ ಖಾತೆ ಯಾವುದು ಅಂತ ನೋಡಿ, ಪಾಸ್‌ವರ್ಡ್ ಬದಲಿಸಿ, ಬ್ಯಾಕಪ್ ಆನ್ ಮಾಡಿ ಬನ್ನಿ. ಅರ್ಧ ತಾಸಿನ ಕೆಲಸ. ಮತ್ತು ಮನೆಯವರಿಗೆ ಹೇಳಿ: ಯಾರೋ ಕರೆ ಮಾಡಿ "ನಿಮ್ಮ ಫೋನ್ ಸರಿ ಮಾಡ್ತೀವಿ, ಈ ಆ್ಯಪ್ ಹಾಕ್ರಿ" ಅಂದರೆ ಇಟ್ಟುಬಿಡಿ. ದೂರದಿಂದ ಫೋನನ್ನು ಹಿಡಿತಕ್ಕೆ ತಗೊಳ್ಳೋ ಆ್ಯಪ್‌ಗಳ ಮೂಲಕ ದುಡ್ಡು ಹೊಡೆಯುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ. ನಾನೇ ಆದರೂ ಅಂಥ ಆ್ಯಪ್ ಹಾಕಿಸೋದಿಲ್ಲ. "ಅವ್ವಾ, ಮ್ಯಾಲ ಏನು ಕಾಣ್ತದ, ಓದಿ ಹೇಳು" ಅಂತ ಬಾಯಲ್ಲೇ ನಡೆಸ್ತೀನಿ. ತಡವಾಗುತ್ತದೆ, ಆದರೆ ಅವ್ವ ಈಗ ಅರ್ಧ ನನಗಿಂತ ಮೊದಲೇ ಮಾಡಿ ಮುಗಿಸಿರುತ್ತಾಳೆ.

ಹೊಸ ಸುದ್ದಿಯೊಂದು ಕಾಕಾನಿಗೆ ಇನ್ನೂ ಹೇಳಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ವಿನಾಯಿತಿಗಳೂ ಇವೆ. ನಮ್ಮಲ್ಲೂ ರಿಪೇರಿ ಹಕ್ಕಿನ ಪೋರ್ಟಲ್ 2022ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಅಂಥ ಫೋನುಗಳು ಹುಮನಾಬಾದಿನ ದುಕಾನಿಗೂ ಬಂದರೆ, ಕಾಕಾನ ಉಗುರಿಗೆ ಮತ್ತೆ ಕೆಲಸ ಸಿಗಬಹುದು.